ಉಕ್ಕಿನ ಕೋಣನ ಹರಕೆ

ಹರಕೆ ಹೊರುವುದಕ್ಕೆ ನಾಲಿಗೆ ಸಾಕು, ತೀರಿಸುವುದಕ್ಕೆ ಸೊಂಟ ಬೇಕು. ಈ ಮಾತನ್ನು ಯಾರಾದರೂ ತೊಂಬತ್ತಾರನೇ ಇಸವಿಯಲ್ಲೇ ಹೇಳಿದ್ದರೆ, ಅಮರೇಶ ಚಾಮುಂಡಿ ಬೆಟ್ಟದ ಕಡೆ ತಿರುಗಿ ಕೈ ಮುಗಿಯುವ ಮುಂಚೆ ಕೊಂಚ ಯೋಚಿಸುತ್ತಿದ್ದ. ಯಾರೂ ಹೇಳಲಿಲ್ಲ. ಅವನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ, ಸೊಂಟನೋವೂ ಶುರುವಾಗಿರಲಿಲ್ಲ.

ಅಮರೇಶ ಊದುಬತ್ತಿ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್. ಅವನು ಸಿಟಿ ಬಸ್ಸು ಹತ್ತಿದರೆ ತೂಕಡಿಸುತ್ತಿದ್ದವರು ದೇವಸ್ಥಾನ ಬಂತೆಂದು ಕೆನ್ನೆ ಬಡಿದುಕೊಳ್ಳಬೇಕು, ಅಷ್ಟು ಗಂಧದ ವಾಸನೆ. ಇಂಥ ಪರಿಮಳದ ಮನುಷ್ಯನ ಎದೆಯೊಳಗೆ ಮಾತ್ರ ಅಮೆರಿಕದ ನಾಲ್ಕು ಜನ ತಲೆಗೂದಲು ಕೆದರಿಕೊಂಡು ಹಗಲಿರುಳೂ ಕಿರುಚುತ್ತಿದ್ದರು. ಆ ನಾಲ್ವರ ತಂಡದ ಹೆಸರು ‘ಸ್ಟೀಲ್ ಬಫಲೋ’. ಹಾರ್ಡ್ ರಾಕ್ ಎಂಬ ಸಂಗೀತ ಅವರದು. ಅಭ್ಯಾಸವಿಲ್ಲದ ಕಿವಿಗೆ ಅದು ತಗಡಿನ ಛಾವಣಿಯ ಮೇಲೆ ತೆಂಗಿನಕಾಯಿ ಲಾರಿ ಮಗುಚಿದ ಹಾಗೆ ಕೇಳುತ್ತಿತ್ತು. ಅಮರೇಶನಿಗೋ, ದಿನವಿಡೀ ಊದುಬತ್ತಿ ಎಣಿಸಿ ಮರಗಟ್ಟಿದ ತಲೆಗೆ ಯಾರೋ ತಣ್ಣೀರು ಹೊಯ್ದ ಹಾಗೆ.

ಓಹಾಯೋ ಸೀಮೆಯ ಒಂದು ಟ್ರಾಕ್ಟರ್ ಷೆಡ್ಡಿನಲ್ಲಿ ಹುಟ್ಟಿದ ತಂಡ ಅದು. ಮೊದಲ ಆಲ್ಬಮ್ಮನ್ನು ಅವರ ಹೆತ್ತ ತಾಯಂದಿರೂ ಕೊಳ್ಳಲಿಲ್ಲ. ಎರಡನೆಯದು ಲೋಕವನ್ನೇ ಅಲ್ಲಾಡಿಸಿತು. ಮೂರನೆಯದರ ಹೊತ್ತಿಗೆ ಹಾಡುಗಾರ ಕ್ಲೈಡ್ ವೇದಿಕೆಯ ಮೇಲೆ ಬೆಂಕಿ ಉಗುಳುವುದನ್ನು ಕಲಿತ. ನಾಲ್ಕನೆಯದರ ಹೊತ್ತಿಗೆ ಅವನೂ ಗಿಟಾರಿನ ರೂಫಸ್ಸೂ ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ವಾರಗಿತ್ತಿಯರಂತೆ ಬೇರೆ ಬೇರೆ ಬಸ್ಸಿನಲ್ಲಿ ಓಡಾಡತೊಡಗಿದ್ದರು. ತೊಂಬತ್ತಾರರಲ್ಲಿ ಟೆಕ್ಸಾಸಿನ ಒಂದು ಕಾರ್ಯಕ್ರಮದಲ್ಲಿ ರೂಫಸ್ ತನ್ನ ಗಿಟಾರನ್ನು ಎತ್ತಿ ಕ್ಲೈಡನ ಬೆನ್ನಿಗೆ ಬಾರಿಸಿದ. ಅದೂ ಹಾಡಿನದೇ ಒಂದು ಭಾಗವೆಂದುಕೊಂಡು ಜನ ಶಿಳ್ಳೆ ಹೊಡೆದರು. ಮಾರನೆಯ ದಿನ ತಂಡ ಒಡೆಯಿತು. ‘ಸ್ಟೀಲ್ ಬಫಲೋ’ ಎಂಬ ಹೆಸರು ಯಾರ ಪಾಲಿಗೆ ಎಂದು ಇಬ್ಬರೂ ಕೋರ್ಟು ಹತ್ತಿದರು.

ಈ ಸುದ್ದಿಯನ್ನು ಹಳೇ ಪುಸ್ತಕದಂಗಡಿಯ ಒಂದು ವಿದೇಶಿ ಪತ್ರಿಕೆಯಲ್ಲಿ ಓದಿದ ದಿನ ಅಮರೇಶ ಊಟ ಮಾಡಲಿಲ್ಲ. ಆಗ ದಟ್ಟಗಳ್ಳಿಯ ಅವನ ಬೀದಿಯಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಬಾಗಿಲಿಗೆ ಬಂದರೆ ಬೆಟ್ಟದ ದೀಪ ನೇರ ಕಣ್ಣಿಗೆ ಬೀಳುತ್ತಿತ್ತು. ಅವನ ತಾಯಿ ಹಿಂದೆ ಮಗ ಎಸ್ಸೆಸ್ಸೆಲ್ಸಿ ಪಾಸಾಗಲೆಂದು ಹರಕೆ ಹೊತ್ತು ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿದ್ದಳು. ಫಲ ಕೊಟ್ಟ ಹರಕೆ ಎಂದರೆ ಅವನಿಗೆ ಗೊತ್ತಿದ್ದದ್ದು ಅದೊಂದೇ. ಕೈ ಮುಗಿದು ಅಂದುಬಿಟ್ಟ: “ತಾಯಿ, ಬೇರೆಯಾದವರನ್ನು ಒಂದು ಮಾಡು. ಸಾವಿರ ಮೆಟ್ಟಿಲಿಗೂ ಹಚ್ತೀನಿ.”

ತಾಯಿ ಅವಸರ ಮಾಡಲಿಲ್ಲ. ಕ್ಲೈಡ್ ಒಂಟಿಯಾಗಿ ಹಾಡಿ ಸೋತ, ರೂಫಸ್ ಮಾಂಸದ ಹೋಟೆಲು ತೆರೆದು ಮುಚ್ಚಿದ, ಡ್ರಮ್ ಬಾರಿಸುವವನು ಲಾರಿ ಓಡಿಸಿದ. ಇತ್ತ ಅಮರೇಶ ಶಿಲ್ಪಶ್ರೀಯನ್ನು ಮದುವೆಯಾದ, ಕೂದಲು ಕಳೆದುಕೊಂಡ. ಕೊನೆಗೆ ಎರಡು ಸಾವಿರದ ಐದರ ಕಾರ್ತಿಕದಲ್ಲಿ, ಕ್ಯಾಸೆಟ್ ಅಂಗಡಿ ಮುಚ್ಚಿ ಸೈಬರ್ ಸೆಂಟರ್ ತೆರೆದಿದ್ದ ಗೆಳೆಯ ಮಹೇಶ ಸ್ಕೂಟರನ್ನು ಗೇಟಿಗೇ ಗುದ್ದಿ ನಿಲ್ಲಿಸಿ ಕೂಗಿದ: “ಗುರುವೇ, ಒಂದಾದ್ರು ಕಣೋ! ಲಾಸ್ ಏಂಜಲೀಸಲ್ಲಿ ಶನಿವಾರ ರಾತ್ರಿ ಮೊದಲನೇ ಶೋ. ನಮಗೆ ಭಾನುವಾರ ಬೆಳಿಗ್ಗೆ ಒಂಬತ್ತೂವರೆ!”

ಅಮರೇಶ ಆ ವಾರವೆಲ್ಲ ಹಳೆಯ ಕ್ಯಾಸೆಟ್ಟುಗಳನ್ನು ಧೂಳು ಕೊಡವಿ ಪೂರ್ತಿ ದನಿಯಲ್ಲಿ ಹಾಕಿದ. ಬೀದಿಯ ನಾಯಿಗಳು ಪಕ್ಕದ ಬಡಾವಣೆಗೆ ವಲಸೆ ಹೋದವು. ಶುಕ್ರವಾರ ಸಂಜೆ ಹರಕೆ ಜ್ಞಾಪಕಕ್ಕೆ ಬಂತು. ತಾಯಿ ತನ್ನ ಕೆಲಸ ಮುಗಿಸಿದ್ದಾಳೆ. ತಾನು ಶೋ ಶುರುವಾಗುವುದರೊಳಗೆ ಮೆಟ್ಟಿಲು ಮುಗಿಸದಿದ್ದರೆ ಕೊಟ್ಟದ್ದನ್ನು ವಾಪಸು ತೆಗೆದುಕೊಂಡುಬಿಟ್ಟರೆ? ಅಮರೇಶ ಅರ್ಧ ಕೇಜಿ ಅರಿಶಿನ ತಂದ.

*

ಭಾನುವಾರ ನಸುಕಿನಲ್ಲಿ ಆಟೋ ಮೆಟ್ಟಿಲಿನ ಬುಡಕ್ಕೆ ಬಂದು ನಿಂತಾಗ ಅದರಿಂದ ಮೂರು ಜನ ಇಳಿದರು. ಪಂಚೆ ಕಟ್ಟಿ, ಅರಿಶಿನ ಕಲಸಿದ ಸ್ಟೀಲ್ ಪಾತ್ರೆ ಹಿಡಿದ ಅಮರೇಶ. ತೋಳು ಕಟ್ಟಿಕೊಂಡ ಶಿಲ್ಪಶ್ರೀ. ಮೂರನೆಯವರು ಪಕ್ಕದ ಮನೆಯ ಪುಟ್ಟಲಿಂಗಮ್ಮ. ಆ ಬೀದಿಗೆ ಅಮರೇಶನಿಗಿಂತಲೂ ಮೊದಲು ಬಂದು ನೆಲೆಸಿದ್ದ ಎಪ್ಪತ್ತು ದಾಟಿದ ಮುದುಕಿ. ಆಟೋ ಸದ್ದು ಕೇಳಿದ್ದೇ “ಬೆಟ್ಟಕ್ಕಾ? ನಾನೂ ಬತ್ತೀನಿ, ನಂದೂ ಒಂದು ಹರಕೆ ಅದೆ” ಎಂದು ಕುಂಕುಮದ ಪೊಟ್ಟಣದೊಂದಿಗೆ ಹತ್ತಿ ಕೂತಿದ್ದರು. ಮಂಡಿನೋವಿನ ಹರಕೆಯಿರಬೇಕೆಂದು ಅಮರೇಶ ಅಂದುಕೊಂಡ.

“ಈಗ ಹೇಳಿ, ಯಾತಕ್ಕೆ ಹರಕೆ?” ಶಿಲ್ಪಶ್ರೀ ಶುಕ್ರವಾರದಿಂದ ಕೇಳುತ್ತಿದ್ದದ್ದನ್ನೇ ಮತ್ತೆ ಕೇಳಿದಳು.

“ತೀರೋವರೆಗೂ ಹೇಳಬಾರದು ಕಣೇ. ಹೇಳಿದ್ರೆ ಫಲ ಹೋಗುತ್ತೆ ಅಂತ ಅಮ್ಮ ಹೇಳ್ತಿದ್ದಳು.”

“ಯಾವಾಗ ಹೊತ್ತಿದ್ದು? ಅದನ್ನಾದ್ರೂ ಹೇಳಿ.”

“ತೊಂಬತ್ತಾರರಲ್ಲಿ.”

“ನಮ್ಮ ಮದುವೆ ಆಗಿದ್ದು ತೊಂಬತ್ತೇಳರಲ್ಲಿ.” ಶಿಲ್ಪಶ್ರೀಯ ದನಿ ತಣ್ಣಗಾಯಿತು. “ಸರಿ. ಏನಂತ ಕೇಳ್ಕೊಂಡಿದ್ರಿ?”

ಒಂಬತ್ತೂವರೆಯ ಭಯದಲ್ಲಿದ್ದ ಅಮರೇಶ ಮೊದಲ ಮೆಟ್ಟಿಲಿಗೆ ಅರಿಶಿನ ಬಳಿಯುತ್ತ, ಹೆಸರು ಹೇಳದಿದ್ದರೆ ದೋಷವಿಲ್ಲವೆಂದು ಬಾಯಿ ಬಿಟ್ಟ. “ಬೇರೆಯಾದವರು ಒಂದಾಗ್ಲಿ ಅಂತ. ಅಷ್ಟೇ.”

ಅಷ್ಟೇ ಸಾಕಾಯಿತು. “ಓಹೋ,” ಎಂದಳು ಶಿಲ್ಪಶ್ರೀ. “ಈಗ ಒಂದಾದ್ರಾ?”

“ಆದ್ರು,” ಎಂದ ಅಮರೇಶ, ಮುಖವೆಲ್ಲ ಬೆಳಗಿಸಿಕೊಂಡು. ಗಂಡನ ಮುಖ ಹಾಗೆ ಬೆಳಗಿದ್ದನ್ನು ಶಿಲ್ಪಶ್ರೀ ಎಂಟು ವರ್ಷದಲ್ಲಿ ನೋಡಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಕಳ್ಳನ ಹಿಂದಿನ ಕಾನ್‌ಸ್ಟೇಬಲಿನಂತೆ ಎರಡು ಮೆಟ್ಟಿಲು ಅಂತರದಲ್ಲಿ ಹಿಂದೆ ನಡೆದಳು.

ಪುಟ್ಟಲಿಂಗಮ್ಮ ಮಧ್ಯೆ ಬಂದರು. “ನೀನು ಅರಿಶಿನ ಹಚ್ಕೊಂಡು ಹೋಗು ಕಣಪ್ಪ, ನಾನು ಅದರ ಮೇಲೇ ಕುಂಕುಮ ಇಟ್ಕೊಂಡು ಬತ್ತೀನಿ. ಇಬ್ಬರದೂ ಒಟ್ಟಿಗೇ ತೀರೋಗ್ತದೆ. ಎರಡೆರಡು ಸಲ ಯಾಕೆ ಬಗ್ಗೋದು?”

ಇಷ್ಟು ಒಳ್ಳೆಯ ಮುದುಕಿ ಪಕ್ಕದ ಮನೆಯಲ್ಲಿರುವುದು ತನ್ನ ಪುಣ್ಯ ಎಂದುಕೊಂಡ ಅಮರೇಶ. ತಾನು ತಂದಿದ್ದ ಕುಂಕುಮವನ್ನೂ ಅವರ ಕೈಗೇ ಒಪ್ಪಿಸಿದ.

ಬಗ್ಗು, ಹಚ್ಚು, ಏಳು. ಬಗ್ಗು, ಹಚ್ಚು, ಏಳು. ಕೆಳಗಿನಿಂದ ನೋಡಿದರೆ ಮೆಟ್ಟಿಲು ಬರೀ ಕಲ್ಲು. ಬಗ್ಗಿ ನೋಡಿದವನಿಗೆ ಗೊತ್ತು, ಒಂದೊಂದೂ ಒಂದೊಂದು ವೈರಿ. ಸುತ್ತ ಹಚ್ಚುತ್ತಿದ್ದವರೆಲ್ಲ ಹೆಂಗಸರು. ಹಸಿರು ಸೀರೆಯ ಒಬ್ಬಾಕೆ ಮಗಳಿಗೆ ಕಿವಿಯಲ್ಲಿ ಹೇಳುವುದು ಅಮರೇಶನಿಗೂ ಕೇಳಿಸಿತು: “ಪಾಪ, ಹೆಂಡ್ತಿಗೆ ಮೈ ಸರಿಯಿಲ್ಲ ಅಂತ ಕಾಣತ್ತೆ. ಆಕೆ ಹರಕೆ ಈಯಪ್ಪ ತೀರಿಸ್ತಾವ್ನೆ.” ಶಿಲ್ಪಶ್ರೀ ಆ ಹೆಂಗಸಿನ ಕಡೆ ನೋಡಿದ ನೋಟಕ್ಕೆ ಆಕೆ ಒಂದು ಮೆಟ್ಟಿಲಿಗೆ ಎರಡು ಸಲ ಹಚ್ಚಿಬಿಟ್ಟಳು.

ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಬಿಳೀ ಷೂ ತೊಟ್ಟ ಸದಾಶಿವಯ್ಯನವರು ಕೈ ಬೀಸುತ್ತ ಹತ್ತಿ ಬಂದರು. ಅಮರೇಶನ ಎದುರು ಮನೆಯವರು, ನಿವೃತ್ತ ಮೇಷ್ಟ್ರು. ಅವರದೂ ಅವರ ತಮ್ಮ ನಂಜಯ್ಯನದೂ ಅಕ್ಕಪಕ್ಕದ ಮನೆ. ನಡುವಿನ ಕಾಂಪೌಂಡು ಗೋಡೆ ಒಂದು ಗೇಣು ಯಾರ ಕಡೆಗೆ ಸರಿದಿದೆ ಎಂಬ ವ್ಯಾಜ್ಯದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟು ಬಹಳ ಕಾಲವಾಗಿತ್ತು.

“ಏನಪ್ಪಾ ಅಮರೇಶ, ಹೆಂಗಸರ ಕೆಲಸಕ್ಕೆ ಇಳಿದುಬಿಟ್ಟಿದ್ದೀಯ! ಏನು ಹರಕೆ?”

“ಹೇಳೋ ಹಾಗಿಲ್ಲ ಸಾರ್.”

“ನನಗೆ ಹೇಳಿದ್ರು,” ಎಂದಳು ಹಿಂದಿನಿಂದ ಶಿಲ್ಪಶ್ರೀ. “ಬೇರೆಯಾದವರು ಒಂದಾಗ್ಲಿ ಅಂತಂತೆ. ತೊಂಬತ್ತಾರರಲ್ಲೇ ಹೊತ್ತಿದ್ದರಂತೆ. ನೀವೇ ಕೇಳಿ ಸಾರ್, ಯಾರು ಬೇರೆಯಾಗಿದ್ರು, ಯಾರು ಒಂದಾದ್ರು ಅಂತ!”

ಸದಾಶಿವಯ್ಯನವರ ಬೀಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ತೊಂಬತ್ತಾರು! ಗೋಡೆ ಎದ್ದದ್ದು ಅದೇ ವರ್ಷ. ಎದುರು ಮನೆಯ ಬ್ರಹ್ಮಚಾರಿ ಹುಡುಗ ಕಿಟಕಿಯಿಂದ ತಮ್ಮ ಜಗಳ ನೋಡುತ್ತಿದ್ದದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು. “ಅಮರೇಶಾ… ನಮ್ಮ ರಕ್ತ ಹಂಚಿಕೊಂಡವರಿಗೇ ಇಲ್ಲದ ಸಂಕಟ ನಿನಗೆ ಬಂತಲ್ಲಪ್ಪ!”

“ಸಾರ್, ಅದು ಹಾಗಲ್ಲ…”

“ಬಾಯಿ ಬಿಡಬೇಡ! ತೀರೋವರೆಗೂ ಹೇಳಬಾರದು. ನನಗೆ ಅರ್ಥವಾಯ್ತು.” ಅವರು ಜೇಬಿನಿಂದ ಮೊಬೈಲು ತೆಗೆದು ತಮ್ಮನಿಗೆ ಫೋನು ಹಚ್ಚಿದರು. ಎಷ್ಟೋ ವರ್ಷಗಳ ಮೇಲೆ ಆಡುವ ಮೊದಲ ಮಾತು ಏನಿರಬೇಕೆಂದು ತಿಳಿಯದೆ, “ನಂಜ, ಹಾಸಿಗೆಯಿಂದ ಏಳೋ ಸೋಮಾರಿ!” ಎಂದು ಗದರಿ ಅತ್ತುಬಿಟ್ಟರು.

ಅಮರೇಶ ಹಲ್ಲು ಕಚ್ಚಿ ಬಗ್ಗಿದ. ಈ ಮುದುಕರ ಕಣ್ಣೀರು ಒರೆಸುತ್ತ ನಿಂತರೆ ಒಂಬತ್ತೂವರೆ ತಪ್ಪುತ್ತದೆ.

ಅಷ್ಟರಲ್ಲಿ ಒಂದು ಕೋತಿ ಮರದಿಂದ ಇಳಿದು ಬಂದು, ಬಾಳೆಹಣ್ಣಿನ ರಸಾಯನವೆಂದುಕೊಂಡು ಅರಿಶಿನದ ಪಾತ್ರೆಗೆ ಕೈ ಹಾಕಿತು. ನೆಕ್ಕಿ, ಮುಖ ಹುಳ್ಳಗೆ ಮಾಡಿ, ಆ ಕೈಯನ್ನು ಅಮರೇಶನ ಬೋಳುತಲೆಗೆ ಒರೆಸಿ ಹೋಯಿತು. ಹಸಿರು ಸೀರೆಯವಳು ಕೈ ಮುಗಿದಳು. “ಆಂಜನೇಯನೇ ಬಂದು ಹಚ್ಚಿ ಹೋದ! ಸಾಮಾನ್ಯದ ಮನುಷ್ಯ ಅಲ್ಲ ಇವನು!”

ಮಾತು ಅವನಿಗಿಂತ ವೇಗವಾಗಿ ಮೆಟ್ಟಿಲು ಹತ್ತಿತು. ಅವನು ನಂದಿಯ ಹತ್ತಿರಕ್ಕೆ ಬರುವಷ್ಟರಲ್ಲಿ ಅಲ್ಲಿ ಒಂದು ಸಣ್ಣ ಗುಂಪೇ ಕಾಯುತ್ತಿತ್ತು. ಒಬ್ಬಳು ಗಂಡ ತನ್ನನ್ನು ತವರಿಗೆ ಅಟ್ಟಿದ್ದಾನೆಂದು ಹೇಳಿಕೊಂಡು ಅವನ ಅರಿಶಿನದ ಕಾಲು ಹಿಡಿದಳು. ಒಬ್ಬ ಹುಡುಗ, “ಅಣ್ಣಾ, ಎರಡು ವರ್ಷದಿಂದ ಮಾತಾಡ್ತಿಲ್ಲ ಅವಳು, ನಂದೂ ಒಂದು ಮೆಟ್ಲು ಸೇರಿಸ್ಕೊಳ್ಳಿ,” ಎಂದ. ನಂಜಯ್ಯ ಸ್ಕೂಟರಿನಲ್ಲಿ ರಸ್ತೆಯ ಕಡೆಯಿಂದ ಬಂದಿಳಿದಿದ್ದ. ಅಣ್ಣತಮ್ಮಂದಿರು ಬಸವಣ್ಣನ ಮುಂದೆ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಗೋಡೆಯನ್ನು ಕೆಡವುವ ಮಾತಾಡುತ್ತಿದ್ದರು.

ಆ ಗುಂಪನ್ನು ಸೀಳಿಕೊಂಡು ಬಂದವನು ಕೃಷ್ಣಸ್ವಾಮಿ. ಅಮರೇಶನದೇ ಕಾರ್ಖಾನೆಯಲ್ಲಿ ಗಂಧದ ಹಿಟ್ಟು ಕಲಸುವ ವಿಭಾಗದವನು. ಕಾರ್ಖಾನೆಯ ಕಾರ್ಮಿಕ ಸಂಘ ಒಡೆದು ಎರಡಾಗಿ, ಎರಡಕ್ಕೂ ಬಾಗಿಲಲ್ಲಿ ಬೇರೆ ಬೇರೆ ಬಾವುಟ ಹಾರುತ್ತಿದ್ದ ಕಾಲ ಅದು. ಒಂದರ ಕಾರ್ಯದರ್ಶಿ ಈ ಕೃಷ್ಣಸ್ವಾಮಿ.

“ಗುರು, ನೀನು ಬಾಯಿ ಬಿಡಲ್ಲ, ಸುಮ್ನೆ ಡಬ್ಬಿ ಎಣಿಸ್ತೀಯ, ಮಾಲೀಕರ ಕಡೆಯವನು ಅಂದ್ಕೊಂಡಿದ್ದೆ. ಒಳಗೊಳಗೆ ಎರಡು ಸಂಘ ಒಂದಾಗ್ಲಿ ಅಂತ ಹರಕೆ ಹೊತ್ತಿದ್ದೀಯಲ್ಲೋ!”

“ಅಯ್ಯೋ, ಸಂಘಕ್ಕೂ ಇದಕ್ಕೂ ಸಂಬಂಧ ಇಲ್ಲ ಕಣೋ!”

“ಹಿಂಗೇ ಹೇಳ್ಬೇಕು. ಗುಟ್ಟು ಬಿಡಬಾರದು.” ಕೃಷ್ಣಸ್ವಾಮಿ ಕಣ್ಣು ಹೊಡೆದ. “ಆ ಕಡೆಯವರಿಗೂ ಫೋನ್ ಮಾಡಿಬಿಟ್ಟೆ. ಎಲ್ಲ ಒಪ್ಪಿದ್ರು. ನಾಳೆಯಿಂದ ಒಂದೇ ಬಾವುಟ, ನೀನೇ ಅಧ್ಯಕ್ಷ. ಬೆಳಿಗ್ಗೆ ಮಾಲೀಕರ ಕೋಣೆಗೆ ಮೊದಲು ನುಗ್ಗೋನು ನೀನು!”

ಇದೇ ತಿಂಗಳು ಅಮರೇಶನ ಬಡ್ತಿಯ ಕಾಗದ ಮಾಲೀಕರ ಮೇಜಿನ ಮೇಲಿತ್ತು. ಅಲ್ಲಗಳೆಯಬೇಕಾದರೆ ನಿಜ ಹೇಳಬೇಕು. ನಿಜ ಹೇಳಿದರೆ ಹರಕೆ ಕೆಡುತ್ತದೆ. ಆಚೆ ಲಾಸ್ ಏಂಜಲೀಸಿನಲ್ಲಿ ರೂಫಸ್ ಈಗ ಗಿಟಾರಿನ ತಂತಿ ಬಿಗಿಯುತ್ತಿರಬಹುದು. ನಾಲ್ವರ ಬದುಕು ತನ್ನ ಸೊಂಟದ ಮೇಲೆ ನಿಂತಿದೆ. ಅಮರೇಶ ಪಂಚೆ ಎತ್ತಿ ಕಟ್ಟಿದ. “ದಾರಿ ಬಿಡಿ!” ಎಂದು ಜೀವಮಾನದಲ್ಲಿ ಮೊದಲ ಸಲ ಗುಂಪಿಗೆ ಗದರಿ ಮೇಲಿನ ಮೆಟ್ಟಿಲಿಗೆ ಬಗ್ಗಿದ. ಗುಂಪು ಅದನ್ನು ಅಧ್ಯಕ್ಷರ ಗತ್ತೆಂದು ಭಾವಿಸಿ ಹಿಂಬಾಲಿಸಿತು.

“ಅವಳ ಹೆಸರೇನು?” ಪಕ್ಕದಲ್ಲಿ ಬಂದ ಶಿಲ್ಪಶ್ರೀ ಪಿಸುಗುಟ್ಟಿದಳು.

“ಯಾರ ಹೆಸರು?”

“ಸದಾಶಿವಯ್ಯನೋರಿಗಲ್ಲ, ಸಂಘಕ್ಕಲ್ಲ. ಹಂಗಾದ್ರೆ ಇನ್ಯಾರಿಗೆ? ಇಷ್ಟು ಬಗ್ಗೋಕೆ ಮನೇಲಿ ಒಂದು ಕಸಪೊರಕೆ ಹಿಡಿದವರಲ್ಲ ನೀವು. ಯಾರೋ ಪ್ರಾಣಕ್ಕೆ ಹತ್ತಿರದವಳೇ ಇರಬೇಕು.”

“ಶಿಲ್ಪಾ, ಮೇಲೆ ಹೋದ್ಮೇಲೆ ಎಲ್ಲ ಹೇಳ್ತೀನಿ. ಇನ್ನು ಸ್ವಲ್ಪ ಮೆಟ್ಲು.”

“ಹೇಳಿ. ತಾಯಿ ಎದುರಿಗೇ ಹೇಳಿ. ನಾನು ಅಲ್ಲಿಂದ ನೇರ ನಮ್ಮಮ್ಮನ ಮನೆಗೆ ಹೋಗ್ತೀನಿ, ಬಸ್ಸಿದೆ.”

ಇಷ್ಟೆಲ್ಲದರ ನಡುವೆ ಒಂದು ಮಾತೂ ಆಡದೆ, ಒಂದು ಮೆಟ್ಟಿಲೂ ಬಿಡದೆ, ಅವನ ಅರಿಶಿನದ ಗುರುತಿನ ನಟ್ಟನಡುವೆ ಕುಂಕುಮದ ಬೊಟ್ಟಿಡುತ್ತ ಬರುತ್ತಿದ್ದವರು ಪುಟ್ಟಲಿಂಗಮ್ಮ ಒಬ್ಬರೇ.

*

ಕೊನೆಯ ಮೆಟ್ಟಿಲಿಗೆ ಹಚ್ಚಿ ಅಮರೇಶ ನೆಟ್ಟಗಾಗಲು ನೋಡಿದ, ಸೊಂಟ ಒಪ್ಪಲಿಲ್ಲ. ಬಗ್ಗಿಕೊಂಡೇ ಗಡಿಯಾರ ನೋಡಿದ. ಒಂಬತ್ತೂವರೆಗೆ ಇನ್ನೂ ಹೊತ್ತಿತ್ತು. ಗೆದ್ದೆ ಅನ್ನಿಸಿತು. ಕೃಷ್ಣಸ್ವಾಮಿಯೂ ನಂಜಯ್ಯನೂ ಎರಡು ಕಡೆ ಹಿಡಿದು ಅವನನ್ನು ಹಳೇ ಕೊಡೆಯಂತೆ ಕಟಕಟ ಎನ್ನಿಸಿ ಬಿಡಿಸಿದರು. ದೇವಿಯ ದರ್ಶನಕ್ಕೆ ಸಾಲಿನಲ್ಲಿ ನಿಂತು, ಮಂಗಳಾರತಿ ತೆಗೆದುಕೊಂಡು, ಎಲ್ಲರೂ ಹೊರಗೆ ಬಂದು ಬಣ್ಣದ ಮಹಿಷಾಸುರನ ವಿಗ್ರಹದ ಹತ್ತಿರ ನಿಂತರು. ಕೈಯಲ್ಲಿ ಕತ್ತಿ, ಕೆದರಿದ ಕೂದಲು, ಗುಡ್ಡೆಗಣ್ಣು. ಮೂರನೇ ಆಲ್ಬಮ್ಮಿನ ಹೊದಿಕೆಯ ಮೇಲಿದ್ದ ಕ್ಲೈಡನನ್ನು ಬಿಟ್ಟರೆ ಇಷ್ಟು ಕಳೆಯ ಮುಖವನ್ನು ಅಮರೇಶ ನೋಡಿರಲಿಲ್ಲ.

ಫೋನು ಬಡಿದುಕೊಂಡಿತು. ಸೈಬರ್ ಸೆಂಟರಿನಿಂದ ಮಹೇಶ.

“ಹೇಳು ಮಹೇಶ! ಶುರು ಆಯ್ತಾ?”

“ಶುರು ಆಗಿ ಮುಗಿದೂ ಹೋಯ್ತು ಗುರುವೇ.” ಮಹೇಶನ ದನಿ ಸಾವಿನ ಮನೆಯಿಂದ ಬಂದಂತಿತ್ತು. “ಎರಡನೇ ಹಾಡು. ರೂಫಸ್ ಜೋರಾಗಿ ಬಾರಿಸ್ತಾನೆ, ನನ್ನ ಧ್ವನಿ ಕೇಳಲ್ಲ ಅಂತ ಕ್ಲೈಡ್ ಮೈಕು ಎಸೆದ. ರೂಫಸ್ ಆ ಮೈಕಲ್ಲೇ, ಇವನ ಜೊತೆ ಇನ್ನು ಯಾವತ್ತೂ ಬಾರಿಸಲ್ಲ ಅಂತ ಆಣೆ ಇಟ್ಟ. ಜನ ದುಡ್ಡು ವಾಪಸ್ ಕೇಳ್ತಾ ಇದಾರಂತೆ.”

ಅಮರೇಶ ಫೋನನ್ನು ಕಿವಿಯಿಂದ ತೆಗೆಯುವುದನ್ನು ಮರೆತು ಮಹಿಷಾಸುರನ ಪೀಠದ ಮೇಲೆ ಕುಸಿದ. ಒಂದು ಮೆಟ್ಟಿಲೂ ತಪ್ಪಿಸಿರಲಿಲ್ಲ. ಯಾರ ಹೆಸರೂ ಹೇಳಿರಲಿಲ್ಲ. ಇಡೀ ಬೆಟ್ಟದ ಮೇಲೆ ಬೇರೆಯಾಗಿದ್ದವರೆಲ್ಲ ಒಂದಾಗಿ ಪ್ರಸಾದದ ದೊನ್ನೆ ಹಿಡಿದು ನಿಂತಿದ್ದರು, ಆ ನಾಲ್ವರನ್ನು ಬಿಟ್ಟು.

“ಏನಾಯ್ತು ಕಣಪ್ಪ, ಯಾಕೆ ಇಂಗೆ ಕೂತ್ಕಂಬುಟ್ಟೆ?” ಪುಟ್ಟಲಿಂಗಮ್ಮ ಅವನ ಪಕ್ಕ ಕೂತು ಬೆನ್ನು ಸವರಿದರು. “ಇಬ್ಬರದೂ ತೀರ್ತಲ್ಲ, ಇನ್ನು ಹೇಳಬಹುದು. ಮೊದಲು ನಂದು ಹೇಳ್ಬುಡ್ತೀನಿ, ಬೇಜಾರು ಮಾಡ್ಕಬ್ಯಾಡ. ನಿಮ್ಮ ಮನೆ ಟೇಪಲ್ಲಿ ಅರಚ್ಕತಾರಲ್ಲ, ಅವರ ವಿಷಯ.”

ಅಮರೇಶ ನಿಧಾನಕ್ಕೆ ತಲೆಯೆತ್ತಿದ.

“ಇಂದೆ ನಮ್ಮ ಬೀದೀಲಿ ನಾಕೇ ಮನೆ ಇದ್ದಾಗ ದಿನಾ ಹಾಕೋನು ನೀನು. ಚಿಕ್ಕವನು, ನಿಂಗೆ ಎಂಗೆ ಬಯ್ಯೋದು? ತಾಯಿಗೆ ಕೇಳ್ಕಂಡೆ, ಅವರೆಲ್ಲ ದಿಕ್ಕಿಗೊಬ್ಬರಾಗಿ ಹೋಗ್ಲಿ ಅಂತ. ಒಂದು ತಿಂಗಳಿಗೆಲ್ಲ ನಿಲ್ತು ನೋಡು! ನೀನು ಮಕ ಸಣ್ಣ ಮಾಡ್ಕಂಡು ಟೇಪು ಕಟ್ಟಿ ಅಟ್ಟದ ಮೇಲೆ ಇಟ್ಟೆ. ಈಗ ಓದ ವಾರದಿಂದ ಮತ್ತೆ ಶುರುವಾಯ್ತಾ? ಮತ್ತೆ ಕೇಳ್ಕಂಡೆ. ಈ ಸಲ ಪೂರ್ತಿ ಹಚ್ತೀನಿ, ಪೂರ್ತಿ ನಿಲ್ಲಿಸು ತಾಯಿ ಅಂತ. ನಿನ್ನ ಅರಿಶಿನ ಸಿಕ್ತು, ನಂಗೆ ಸಲೀಸಾಯ್ತು.”

ತಾನು ಹಚ್ಚಿದ ಒಂದೊಂದು ಅರಿಶಿನದ ಮೇಲೂ ಕೂತ ಒಂದೊಂದು ಕುಂಕುಮದ ಬೊಟ್ಟು ಅಮರೇಶನ ಕಣ್ಣ ಮುಂದೆ ಬೆಟ್ಟದುದ್ದಕ್ಕೂ ಹಾದುಹೋಯಿತು. ಪಾಪ, ತಾಯಿ ತಾನೇ ಏನು ಮಾಡಿಯಾಳು? ಇವನ ಮಾತಿಗೆ ಒಂದು ಮಾಡಿದಳು, ಪುಟ್ಟಲಿಂಗಮ್ಮನ ಮಾತಿಗೆ ಬಿಡಿಸಿದಳು.

“ಈಗ ನಿಂದು ಹೇಳು,” ಎಂದರು ಪುಟ್ಟಲಿಂಗಮ್ಮ.

ಎಲ್ಲರೂ ಹತ್ತಿರ ಸರಿದರು. ಶಿಲ್ಪಶ್ರೀಯ ಕೈಯಲ್ಲಿ ಬಸ್ಸಿನ ಚಿಲ್ಲರೆ ಸಿದ್ಧವಾಗಿತ್ತು. ಮುಚ್ಚಿಟ್ಟು ಉಳಿಸಿಕೊಳ್ಳುವುದಕ್ಕೆ ಇನ್ನೇನೂ ಇರಲಿಲ್ಲ. ಅಮರೇಶ ಹೇಳಿಬಿಟ್ಟ: ಕ್ಲೈಡು, ರೂಫಸ್ಸು, ಟ್ರಾಕ್ಟರ್ ಷೆಡ್ಡು, ಟೆಕ್ಸಾಸು, ಎಲ್ಲವನ್ನೂ.

ಸದಾಶಿವಯ್ಯನವರು ತಮ್ಮನ ಹೆಗಲ ಮೇಲಿನ ಕೈ ತೆಗೆದರು. “ಹಾಗಾದ್ರೆ ನಾನ್ಯಾಕೆ ಇವನನ್ನ ತಬ್ಬಿಕೊಂಡೆ?”

“ಅಲ್ವೇ ಮತ್ತೆ! ಭಾನುವಾರ ಬೆಳಿಗ್ಗೆ ನಿದ್ದೆ ಕೆಡಿಸಿ ಕರೆಸಿಕೊಂಡದ್ದು ಯಾರು?” ನಂಜಯ್ಯ ಸ್ಕೂಟರಿನ ಕೀಯನ್ನು ಬೆರಳಲ್ಲಿ ತಿರುವಿದ. “ಗೋಡೆ ಮುಟ್ಟಿ ನೋಡು, ಆಮೇಲೆ ಮಾತು!”

“ಅಮೆರಿಕದವರಿಗೆ ಹರಕೆ ಹೊರೋ ಅಧ್ಯಕ್ಷ ನಮಗೆ ಬೇಡಪ್ಪ,” ಎಂದು ಕೃಷ್ಣಸ್ವಾಮಿ ಆಗಲೇ ಫೋನಿನಲ್ಲಿ ಹೇಳುತ್ತಿದ್ದ. ಬೆಳಗಿನಿಂದ ಅಮರೇಶನಿಗೆ ಸಿಕ್ಕ ಸಮಾಧಾನವೆಂದರೆ ಅದೊಂದೇ, ಅದೂ ಬಾಳಲಿಲ್ಲ. ಫೋನಿಟ್ಟು ಕೃಷ್ಣಸ್ವಾಮಿ ಅವನ ಕಡೆ ತಿರುಗಿದ: “ಮಾಲೀಕರಿಗೂ ಆಗಲೇ ಗೊತ್ತಾಗಿದೆಯಂತೆ, ಅಧ್ಯಕ್ಷ ಯಾರು ಅಂತ.”

ಶಿಲ್ಪಶ್ರೀಯ ಕೈಯಿಂದ ಚಿಲ್ಲರೆ ಜಾರಿತು. “ಹುಡುಗಿ ಆಗಿದ್ರೂ ಒಂದು ಮರ್ಯಾದೆ ಇರ್ತಿತ್ತಲ್ರೀ! ಕೋಣಕ್ಕೆ? ಉಕ್ಕಿನ ಕೋಣಕ್ಕೆ ಹರಕೆ ಹೊತ್ತಿದ್ರಾ? ಅದೂ ಯಾರ ಹತ್ತಿರ? ಕೋಣನ್ನ ತುಳಿದು ನಿಂತಿರೋ ತಾಯಿ ಹತ್ತಿರ!”

ಅಮರೇಶ ತಲೆಯೆತ್ತಿ ಮಹಿಷಾಸುರನನ್ನು ನೋಡಿದ. ಇದೊಂದು ಅವನಿಗೆ ಹೊಳೆದೇ ಇರಲಿಲ್ಲ.

ಅವನ ಮುಖ ನೋಡಿ ಪುಟ್ಟಲಿಂಗಮ್ಮನಿಗೆ ಕರುಳು ಚುರಕ್ಕೆಂದಿತು. “ಅಯ್ಯೋ ಉಚ್ಚಪ್ಪ, ಅವರು ನಿಂಗೆ ಇಷ್ಟು ಬೇಕಾದೋರು ಅಂತ ಗೊತ್ತಿದ್ರೆ ನಾನು ಇಂಗೆ ಮಾಡ್ತಿದ್ನಾ? ಏಳು, ಸರಿ ಮಾಡಿಸ್ತೀನಿ.” ಎದ್ದವರೇ ಗುಡಿಯ ಗೋಪುರದ ಕಡೆ ತಿರುಗಿ, ಪಕ್ಕದ ಮನೆಯವರಿಗೆ ಹೇಳುವಂತೆ ಗಟ್ಟಿಯಾಗಿ ಹೇಳಿದರು: “ತಾಯಿ, ಈ ಮಗ ಒದ್ದಾಡ್ತಾನೆ. ಆ ನಾಲ್ವರೂ ಒಂದಾಗ್ಲಿ, ನಂದೇನೂ ತಕರಾರಿಲ್ಲ. ಆದ್ರೆ ಅರಚದಂಗೆ ಆಡ್ಲಿ.”

ಅಮರೇಶ ದಡಬಡಿಸಿ ಎದ್ದ. “ಅಜ್ಜಿ, ಅರಚದೇ ಇದ್ರೆ ಅದು ಹಾರ್ಡ್ ರಾಕೇ ಅಲ್ಲ! ಆ ಕೊನೇ ಮಾತು ವಾಪಸ್ ತಗೊಳ್ಳಿ!”

“ಅದೆಲ್ಲ ತಾಯಿಗೆ ಗೊತ್ತಾಯ್ತದೆ ಬುಡು,” ಎಂದರು ಪುಟ್ಟಲಿಂಗಮ್ಮ.

*

ತಾಯಿಗೆ ಗೊತ್ತಾಯಿತು. ಯುಗಾದಿಯ ಹೊತ್ತಿಗೆ ಮಹೇಶ ಒಂದು ಸಿಡಿಯನ್ನು ತಂದು, ಅಮರೇಶನ ಕಣ್ಣು ತಪ್ಪಿಸಿ ಮೇಜಿನ ಮೇಲಿಟ್ಟು ಹೋದ. ಸ್ಟೀಲ್ ಬಫಲೋ ಮತ್ತೆ ಒಂದಾಗಿತ್ತು. ಹೊದಿಕೆಯ ಮೇಲೆ ಬೆಂಕಿಯಿರಲಿಲ್ಲ. ಕೋಣ ಹುಲ್ಲಿನ ಮೇಲೆ ಕಾಲು ಮಡಚಿ ಮಲಗಿತ್ತು, ಅದರ ಕೊಂಬಿನ ಮೇಲೆ ಒಂದು ಗುಬ್ಬಚ್ಚಿ. ಒಳಗೆ ಡ್ರಮ್ಮಿಲ್ಲ, ವಿದ್ಯುತ್ ಗಿಟಾರಿಲ್ಲ. ಪಿಟೀಲು, ಕೊಳಲು, ಅದರ ನಡುವೆ ಬೆಂಕಿ ಉಗುಳಿದ್ದ ಕ್ಲೈಡ್ ತೊಟ್ಟಿಲು ತೂಗುವವನಂತೆ ಪಿಸುದನಿಯಲ್ಲಿ ಹಾಡುತ್ತಿದ್ದ. ಅವರ ಹಿಂದಿನ ಯಾವ ಆಲ್ಬಮ್ಮೂ ಇಷ್ಟು ಖರ್ಚಾಗಿರಲಿಲ್ಲವಂತೆ. ನಾಲ್ವರೂ ಬದುಕಿನುದ್ದಕ್ಕೂ ಜೊತೆಗಿರುವುದಾಗಿ ಹೇಳಿಕೆ ಕೊಟ್ಟಿದ್ದರು.

ಈಗ ದಿನಾ ಸಂಜೆ ಪುಟ್ಟಲಿಂಗಮ್ಮ ಎಲೆಯಡಿಕೆ ಕುಟ್ಟುತ್ತ ಬಂದು ಅವನ ಹಜಾರದಲ್ಲಿ ಗೋಡೆಗೊರಗಿ ಕೂರುತ್ತಾರೆ. “ಹಾಕಪ್ಪ ನಿನ್ನ ಕೋಣನ ಪದ. ಎಷ್ಟು ಚೆಂದಾಗಿ ಆಡ್ತಾವೆ ಮಕ್ಳು!” ಶಿಲ್ಪಶ್ರೀ ಅನ್ನಕ್ಕಿಟ್ಟು ಬಂದು ಜೊತೆಗೆ ಗುನುಗುತ್ತಾಳೆ. ಸದಾಶಿವಯ್ಯನವರೂ ನಂಜಯ್ಯನೂ ಒಂದೊಂದು ಸಿಡಿ ಕೊಂಡು ಗೋಡೆಯ ಎರಡು ಕಡೆಯಿಂದ ಅದನ್ನೇ ಹಾಕುತ್ತಾರೆ. ಕಾರ್ಖಾನೆಯಲ್ಲಿ, ಬಡ್ತಿಯ ಬದಲು ಅಮರೇಶನನ್ನು ವರ್ಗಾಯಿಸಿದ ಗೋದಾಮಿನಲ್ಲೂ ಯಾರೋ ಹುಡುಗ ಮೊಬೈಲಿನಲ್ಲಿ ಅದೇ ಪಿಸುದನಿ ಹಾಕಿಕೊಂಡಿರುತ್ತಾನೆ.

ನಿನ್ನೆ ಸಂಜೆಯಂತೂ ಪುಟ್ಟಲಿಂಗಮ್ಮ ಕಣ್ಣೊರೆಸಿಕೊಂಡು ಎರಡನೇ ಸಲ ಹಾಕಿಸಿದರು. ಅಮರೇಶ ಎದ್ದು ಮೆಲ್ಲಗೆ ತಾರಸಿ ಹತ್ತಿದ. ಕಟ್ಟಡಗಳು ಎಷ್ಟೇ ಎದ್ದಿದ್ದರೂ ಬೆಟ್ಟ ಇದ್ದ ಜಾಗದಲ್ಲೇ ಇತ್ತು, ದೀಪ ಆಗತಾನೇ ಹತ್ತಿಕೊಂಡಿತ್ತು. ಕೆಳಗಿನಿಂದ ಕೊಳಲು ಶುರುವಾಯಿತು. ಅವನು ಎರಡೂ ಕಿವಿಯಿಂದ ಕೈ ತೆಗೆದು, ಅದೇ ಕೈಗಳನ್ನು ಜೋಡಿಸಿ, ಕಣ್ಣು ಮುಚ್ಚಿದ. ಬಾಯಿಂದ ಮಾತು ತಾನಾಗೇ ಹೊರಬಿತ್ತು:

“ತಾಯಿ, ಹೇಗಾದ್ರೂ ಮಾಡಿ ಆ ನಾಲ್ವರನ್ನೂ ಬೇರೆ ಮಾಡು.”